ಗ್ಯಾರೇಜಿನ ಹಿಂದಿನ ಮೂಲೆ

ಜರ್ಮನಿಯ ರೆನ್ನಿಂಗೆನ್‌ನಲ್ಲಿ ನಾವು ಬಾಡಿಗೆಗಿರುವ ಮನೆಯ ಗ್ಯಾರೇಜಿನ ನೆಲ ಬಾಗಿಲಿನ ಕಡೆಗಲ್ಲ, ಹಿಂಗೋಡೆಯ ಕಡೆಗೆ ಇಳಿಜಾರು. ನೀರು ಹೋಗಲು ನೆಲದಲ್ಲಿ ತೂತೂ ಇಲ್ಲ. ಚಳಿಗಾಲದಲ್ಲಿ ಕಾರು ಹೊತ್ತು ತಂದ ಹಿಮ ಕರಗಿ, ರಸ್ತೆಯ ಉಪ್ಪನ್ನೂ ಕೆಸರನ್ನೂ ಕೂಡಿಕೊಂಡು ಹಿಂದಿನ ಮೂಲೆಯಲ್ಲಿ ಮಡುವಾಗಿ ನಿಲ್ಲುತ್ತದೆ. ಅದನ್ನು ನೆಲ ಒರೆಸುವ ರಬ್ಬರ್ ವೈಪರಿನಿಂದ ಬಾಗಿಲ ತನಕ ಏರಿಗೆ ತಳ್ಳಬೇಕು.

ಆ ಕೆಲಸವನ್ನು ಮನೆಯ ಮಾಲೀಕರೇ ಮಾಡುತ್ತಿದ್ದರು. ಗಂಡ ಹೆಂಡತಿ ಇಬ್ಬರೇ ಮೇಲಿನ ಮಹಡಿಯಲ್ಲಿ, ನಾವು ಕೆಳಗೆ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮುದುಕ. ನಾನು ವೈಪರ್ ಹಿಡಿದರೆ ಸಾಕು, "ನಿಮ್ಮೂರಲ್ಲಿ ಹಿಮ ಬೀಳಲ್ಲ, ನಿಮಗಿದು ಗೊತ್ತಾಗಲ್ಲ" ಎಂದು ಕಸಿದುಕೊಳ್ಳುತ್ತಿದ್ದರು. ನನ್ನ ಮಗಳು ಅವರನ್ನು ಓಪಾ, ಅಂದರೆ ಅಜ್ಜ, ಎಂದು ಕರೆಯುತ್ತಿದ್ದಳು. ಒಂದು ಜನವರಿಯ ಬೆಳಿಗ್ಗೆ ನೀರು ತಳ್ಳುತ್ತಿದ್ದ ಹಾಗೆಯೇ ಹೃದಯ ನಿಂತು ಅವರು ಅಲ್ಲೇ ಬಿದ್ದುಹೋದರು. ನಾವಾಗ ವಿಜಯಪುರಕ್ಕೆ ಹೋಗಿದ್ದೆವು. ಮರಳಿ ಬರುವಷ್ಟರಲ್ಲಿ ಮಣ್ಣೂ ಮುಗಿದಿತ್ತು.

ಮರುವರ್ಷದ ಮೊದಲ ದೊಡ್ಡ ಹಿಮ ಬಿದ್ದ ದಿನ ಸಂಜೆ ನಾನು ವೈಪರ್ ಹಿಡಿದು ಗ್ಯಾರೇಜಿಗೆ ಹೋದೆ. ಕಾರಿನಡಿ ನೆಲ ಒಣಗುತ್ತಾ ಬಂದಿತ್ತು. ಮೂಲೆಯಲ್ಲಿ ಹನಿ ನೀರಿಲ್ಲ.

"ಗ್ಯಾರೇಜಿನ್ಯಾಗಿನ ನೀರು ನೀವು ಬಳದ್ರೇನು?" ಎಂದು ಗಂಡನನ್ನು ಕೇಳಿದೆ.

"ನಾ ಎಲ್ಲಿ ಬಳೀಲಿ? ಈಗಷ್ಟ ಮೀಟಿಂಗ್ ಮುಗಿಸಿ ಎದ್ದೀನಿ. ನೀನ ಬಳದಿ ಅನ್ಕೊಂಡಿದ್ದೆ."

ಮರುದಿನವೂ ಹಾಗೇ. ಆದರೆ ಆ ದಿನ ಒದ್ದೆ ಬೂಟಿನ ಗುರುತುಗಳಿದ್ದವು. ಮೂಲೆಯಿಂದ ಹೊರಟು ಮೇಲಿನ ಮಹಡಿಯ ಮೆಟ್ಟಿಲಿನ ತನಕ ಹೋಗಿದ್ದವು. ನನ್ನ ಗಂಡ ಪಕ್ಕದಲ್ಲಿ ಕಾಲಿಟ್ಟು ನೋಡಿದ. ಅವನ ಹೆಜ್ಜೆ ಅದರೊಳಗೆ ಮುಳುಗಿಹೋಗುವಂತಿತ್ತು. ಮಗಳು ಕುಕ್ಕರಗಾಲಲ್ಲಿ ಕೂತು ಗುರುತನ್ನು ಬೆರಳಿಂದ ಮುಟ್ಟಿ, "ಮಮ್ಮಿ, ಓಪಾ ವಾರ್ ಡಾ" ಅಂದಳು. ಓಪಾ ಬಂದಿದ್ದರು ಎಂದು.

"ಹಂಗೆಲ್ಲಾ ಅನಬಾರದವ್ವಾ" ಎಂದು ಅವಳನ್ನು ಎತ್ತಿಕೊಂಡು ನನ್ನ ಗಂಡ ನಕ್ಕ. ಅಂದಿನಿಂದ ಅವನು ಕಾರು ನಿಲ್ಲಿಸಿದವನೇ ಹಿಂದೆ ತಿರುಗಿ ನೋಡದೆ ಒಳಗೆ ಬರತೊಡಗಿದ.

ಜ್ವರ ಬಂದು ನಾನು ಮನೆಯಲ್ಲಿದ್ದ ಒಂದು ಮಧ್ಯಾಹ್ನ ಅಡುಗೆಮನೆಯ ಗೋಡೆಯಾಚೆ ರಬ್ಬರು ನೆಲಕ್ಕೆ ಉಜ್ಜುವ ಸದ್ದು ಕೇಳಿತು. ಗ್ಯಾರೇಜಿಗೆ ಹೋಗುವ ಬಾಗಿಲು ತೆಗೆದೆ. ಮಾಲೀಕರ ಹೆಂಡತಿ ನಿಂತಿದ್ದರು. ತೀರಿಹೋದ ಗಂಡನ ರಬ್ಬರ್ ಬೂಟು ಆಕೆಗೆ ಮೊಣಕಾಲು ದಾಟಿತ್ತು. ಮೂಲೆಯ ಕಡೆ ಬಾಗಿ ಮೆಲ್ಲಗೆ ಹೇಳುತ್ತಿದ್ದರು: "ಸ್ವಲ್ಪ ಆಚೆ ಸರಿ. ಇಲ್ಲಿನ್ನೂ ಒದ್ದೆಯಿದೆ."

ನನ್ನನ್ನು ಕಂಡು ಆಕೆ ಬೆಚ್ಚಲಿಲ್ಲ.

"ನಾನು ಬಂದು ನೋಡಿದಾಗ ಅವನ ಬೆನ್ನೆಲ್ಲ ನೀರಲ್ಲಿತ್ತು" ಅಂದರು. "ಎಷ್ಟು ಎಳೆದರೂ ಸರಿಸಲಾಗಲಿಲ್ಲ. ಆಂಬುಲೆನ್ಸ್ ಬರುವವರೆಗೆ ಹಾಗೇ ಮಲಗಿದ್ದ. ಈಗ ಇಲ್ಲಿ ನೀರು ನಿಂತರೆ, ಮೇಲೆ ಹಾಸಿಗೆಯಲ್ಲಿ ಅವನು ಮಲಗುತ್ತಿದ್ದ ಕಡೆ ಮುಟ್ಟಿ ನೋಡುತ್ತೇನೆ. ತಣ್ಣಗಿರುತ್ತದೆ."

ನಾನು ಆಕೆಯ ಕೈ ಹಿಡಿದುಕೊಂಡೆ. ಆ ಕೈಯೂ ತಣ್ಣಗಿತ್ತು.

ಸಂಜೆ ಗಂಡನಿಗೆ ಇದನ್ನು ಹೇಳಿದೆ. "ನಾಳಿಂದ ಗಾಡಿ ಹೊರಗ ನಿಲ್ಲಸ್ತೀನಿ. ಅಜ್ಜಿ ಜಾರಿ ಗೀರಿ ಬಿದ್ದಾಳು" ಅಂದ. ಪ್ರತಿ ಬೆಳಿಗ್ಗೆ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುತ್ತ ಗೊಣಗಿದರೂ ಮಾತು ತಪ್ಪಲಿಲ್ಲ. ಗ್ಯಾರೇಜಿನ ನೆಲ ಬಣಬಣ ಒಣಗಿತು.

ಕೆಲವು ದಿನ ಕಳೆದ ಮೇಲೆ ಆಕೆ ಬಾಗಿಲು ತಟ್ಟಿದರು. ಕಣ್ಣು ಗುಳಿಬಿದ್ದಿದ್ದವು.

"ದಯವಿಟ್ಟು ಕಾರನ್ನು ಒಳಗೆ ತನ್ನಿ."

"ನಿಮಗೆ ತೊಂದರೆ ಆಗದಿರಲಿ ಅಂತ..."

"ನೆಲ ಒಣಗಿದೆ" ಅಂದರು ಆಕೆ. "ಅವನು ಬರುತ್ತಿಲ್ಲ."

ನನ್ನ ಗಂಡ ತಲೆ ತಗ್ಗಿಸಿ ಹೊರಗೆ ಹೋಗಿ, ಮೇಲಿನ ಹಿಮವನ್ನು ಕೊಡವದೆ ಕಾರನ್ನು ಹಾಗೇ ಒಳಗೆ ತಂದು ನಿಲ್ಲಿಸಿದ.

ಆಮೇಲೆ ನಾನು ಆ ಬಾಗಿಲು ತೆಗೆಯಲಿಲ್ಲ. ರೊಟ್ಟಿ ಬಡಿಯುವಾಗ ಗೋಡೆಯಾಚೆ ರಬ್ಬರಿನ ಸದ್ದು ಕೇಳುತ್ತಿತ್ತು, ನಡುವೆ ನಿಲ್ಲುತ್ತಿತ್ತು. ಅದು ನಿಂತಾಗ ನನ್ನ ಕೈಯೂ ನಿಲ್ಲುತ್ತಿತ್ತು. ಒಮ್ಮೆ ಆ ಮೌನದಲ್ಲಿ ಯಾರೋ ಭಾರವಾದವರು ಒಂದು ಕಾಲಿನಿಂದ ಇನ್ನೊಂದಕ್ಕೆ ಮೈಭಾರ ಬದಲಿಸಿದ ಹಾಗೆ ಕೇಳಿಸಿತು. ಹಳೆ ಮನೆ, ಚಳಿಗೆ ಮರ ಬಿಗಿಯುತ್ತದೆ ಎಂದುಕೊಂಡೆ. ಗಂಡನಿಗೆ ಹೇಳಲಿಲ್ಲ.

ವಸಂತದಲ್ಲಿ ಆಕೆಯ ಮಂಡಿ ಪೂರ್ತಿ ಸೋತಿತು. ಆಕೆಯ ಮಗಳು ಬಂದು ತಾನಿರುವ ಡ್ರೆಸ್ಡೆನ್‌ಗೆ ಕರೆದುಕೊಂಡು ಹೋದಳು. ಹೊರಡುವಾಗ ಆಕೆ ಗ್ಯಾರೇಜಿನ ಕಡೆ ಒಮ್ಮೆ ನೋಡಿ ಕಾರು ಹತ್ತಿದರು.

ಈ ಚಳಿಗಾಲ ನೀರು ತಳ್ಳುವವಳು ನಾನು. "ತಾನ ಒಣಗ್ತೈತಿ ಬಿಡು" ಅನ್ನುತ್ತಾನೆ ಗಂಡ. ನನ್ನಿಂದ ಬಿಡಲಾಗುವುದಿಲ್ಲ. ಆ ಮೂಲೆಗೆ ಬಂದಾಗ ಮಾತ್ರ, ನೆಲದ ಮೇಲೆ ಮಲಗಿದವರನ್ನು ಎಬ್ಬಿಸದೆ ಸುತ್ತ ಕಸ ಗುಡಿಸುವ ಹಾಗೆ, ವೈಪರನ್ನು ಸುತ್ತುಬಳಸಿ ಒಯ್ಯುತ್ತೇನೆ.