ಬಿಳಿ ಕಣಗಳನ್ನು ಗದರಿಸುವ ಮರಿಸಿದ್ದಯ್ಯನವರು

ಮಂಡ್ಯದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುವ ಮರಿಸಿದ್ದಯ್ಯನವರು ಹೊಟ್ಟೆನೋವಿನವರು ಬಂದರೆ ಸಾಕು, ಪೇಟ ತೆಗೆದಿಟ್ಟು ಕೋಟಿನ ತೋಳು ಮಡಿಸುತ್ತಾರೆ. ಬೆರಳಿಗೆ ಸೂಜಿ ಚುಚ್ಚಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಬಿಳಿ ರಕ್ತಕಣಗಳನ್ನು ಗದರಿಸುತ್ತಲೇ ಎಣಿಸುತ್ತಾರೆ: “ಲೇ, ಅಲ್ಲಾಡ್ದಂಗೆ ನಿಂತ್ಕಳ್ರುಲಾ!” ಕಣಗಳು ಹೆಚ್ಚಿದ್ದರೆ ಅಪೆಂಡಿಕ್ಸ್ ಊದಿರಬಹುದು, ತಾವು ಹೂಂ ಅನ್ನದೆ ಡಾಕ್ಟರು ಕತ್ತಿ ಮುಟ್ಟುವುದಿಲ್ಲವೆಂದು ಅವರ ಜಂಬ. ಆದರೆ ಸೂಜಿಗೂ ಮೊದಲು, “ಅಳ್ಳೆಣ್ಣೆ ಕುಡ್ಸುದ್ರಾ?” ಎಂದು ಕೇಳುತ್ತಾರೆ. ಹರಳೆಣ್ಣೆ ಹೊಟ್ಟೆಗೆ ಹೋದರೆ ಊದಿದ ಅಪೆಂಡಿಕ್ಸ್ ಒಡೆದೀತು. ಕುಡಿಸಿದೆವು ಎಂದವರಿಗೆ ಆಸ್ಪತ್ರೆಯೇ ನಡುಗುವಂತೆ ಬೈಗುಳ. ಮೊನ್ನೆ ಮಗನನ್ನು ಕರೆತಂದ ಸೋಮನಹಳ್ಳಿಯ ತಾಯಿಯೊಬ್ಬಳು, “ಕುಡ್ಸ್‌ಬುಟ್ಟೆ ಕಣಪ್ಪ,” ಎಂದು ಅತ್ತಳು. “ನಾನೂ ನನ್ ಮಗೀಗೆ ಕುಡ್ಸಿ ಕಳ್ಕಂಡೆ ಕಣವ್ವ. ನಿನ್ ಮಗ ಉಳ್ಕತಾನೆ, ಸುಮ್ಕಿರು,” ಎಂದ ಮರಿಸಿದ್ದಯ್ಯನವರು ಅಂದು ಕಣಗಳನ್ನು ಗದರಿಸದೆ ಎಣಿಸಿದರು.