ನರಸೀಪುರದ ಹಳೆಯ ಬ್ರೌಸರ್

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ, ಬಾಳೆ ಮತ್ತು ಮಾವಿನ ತಿರುಳು ತೆಗೆದು ಡಬ್ಬಿಗೆ ತುಂಬುವ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ನಾನು ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ದೇವನೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಗುರುತಿನ ಚೀಟಿಯಲ್ಲಿ ನನ್ನ ಹುದ್ದೆ ನನ್ನ ಹೆಸರಿಗಿಂತ ಉದ್ದವಾಗಿತ್ತು. ಕೆಲಸ ಮಾತ್ರ ಹೆಚ್ಚಾಗಿ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು.

ಒಂದು ಸಲ ನನಗೆ ಶಿಸ್ತಿನ ಹುಚ್ಚು ಹಿಡಿಯಿತು. ಎಲ್ಲ ಕಂಪ್ಯೂಟರ್‌ಗಳ ಬ್ರೌಸರನ್ನೂ ಅಪ್‌ಡೇಟ್ ಮಾಡಬೇಕು, ಮುಂದೆಯೂ ಅವು ತಾವಾಗಿಯೇ ಅಪ್‌ಡೇಟ್ ಆಗುತ್ತಿರಬೇಕು ಎಂದು ಮುಖ್ಯ ಕಚೇರಿಯಿಂದ ನಿಯಮ ಮಾಡಿಸಿದೆ. ಆ ನಿಯಮವನ್ನು ಒಂದೊಂದು ಕಂಪ್ಯೂಟರಿಗೂ ನಾನೇ ಕೂತು ಅಳವಡಿಸಬೇಕಿತ್ತು. ತಮ್ಮದನ್ನು ಮುಟ್ಟಲು ಒಪ್ಪದವರು ಒಬ್ಬರೇ. ಟಿ. ನರಸೀಪುರದಲ್ಲಿದ್ದ ನಮ್ಮ ಹಣ್ಣು ಖರೀದಿ ಕೇಂದ್ರದ ಗುಮಾಸ್ತೆ, ಹೆಡತಲೆಯ ಕಡೆಯವರು, ಐವತ್ತು ದಾಟಿದ ಹೆಂಗಸು, ನಮಗೆಲ್ಲ ಅಕ್ಕ. "ನೆಟ್ಟಗೆ ನಡೀತಾ ಇರೋದ್ನ ಯಾಕಪ್ಪ ಕೆದುಕ್ತೀಯ?" ಎಂದು ಫೋನಿನಲ್ಲಿ ಕೇಳಿದರು. ಅವರಿಗೆ ಉತ್ತರ ಕೊಡುವ ಬದಲು ನಾನು ಮ್ಯಾನೇಜರಿಗೆ ದೂರು ಬರೆದೆ. 'ಹೊಸ ತಂತ್ರಜ್ಞಾನಕ್ಕೆ ಸಹಕರಿಸುತ್ತಿಲ್ಲ' ಎಂಬ ಸಾಲು ಬರೆದು, ಅದನ್ನು ಎರಡು ಸಲ ಓದಿಕೊಂಡು ಖುಷಿಪಟ್ಟಿದ್ದೂ ನೆನಪಿದೆ.

ಅದಾದ ಮೂರನೇ ದಿನ ಬೆಳಿಗ್ಗೆ ಕರೆಂಟು ಹೋಗಿ ಬಂತು. ಸರ್ವರ್ ಎದ್ದಿತು, ಆದರೆ ಅದರೊಳಗೆ ಓಡಬೇಕಾದ, ವೇಬ್ರಿಡ್ಜಿನಲ್ಲಿ ಲಾರಿ ತೂಗಿ ಚೀಟಿ ಕೊಡುವ ಪ್ರೋಗ್ರಾಮು ಏಳಲಿಲ್ಲ. ಅದನ್ನು ಎಬ್ಬಿಸುವುದು ದೊಡ್ಡ ಕೆಲಸವೇನಲ್ಲ. ಬ್ರೌಸರಿನಲ್ಲಿ ಸರ್ವರಿನ ನಿರ್ವಹಣಾ ಪುಟ ತೆರೆದು ಒಂದು ಬಟನ್ ಒತ್ತಿದರೆ ಸಾಕು. ತೆರೆದೆ. ಬಟನ್ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಚೌಕ, ಅದರ ನಡುವೆ 'ಪ್ಲಗಿನ್ ಕ್ರ್ಯಾಶ್ ಆಗಿದೆ' ಎಂಬ ಒಂದೇ ಸಾಲು. ಆ ಪುಟ ಕಾಣಬೇಕಾದರೆ ಬ್ರೌಸರಿಗೆ ಪ್ಲಗಿನ್ ಎಂಬ ಒಂದು ಪುಟ್ಟ ಜೋಡಣೆ ಬೇಕಿತ್ತು. ಹಳೆಯ ಬ್ರೌಸರಿನ ಜೊತೆ ಅದು ಹೇಗೋ ಸಂಸಾರ ಮಾಡಿಕೊಂಡಿತ್ತು. ನಾನು ತಂದು ಕೂರಿಸಿದ ಹೊಸದರ ಜೊತೆ ಅದಕ್ಕೆ ಆಗಿಬರಲಿಲ್ಲ.

ಪ್ಲಗಿನ್ ತೆಗೆದು ಮತ್ತೆ ಹಾಕಿದೆ. ಕಂಪ್ಯೂಟರ್ ಬದಲಾಯಿಸಿ ನೋಡಿದೆ. ಹಳೆಯ ಬ್ರೌಸರನ್ನೇ ಹುಡುಕಿ ಹಾಕಿದೆ. ನಾನೇ ಮಾಡಿಸಿದ ನಿಯಮಕ್ಕೆ ತಲೆಬಾಗಿ ಅದು ಕಣ್ಣೆದುರೇ ಮತ್ತೆ ಅಪ್‌ಡೇಟ್ ಆಗಿ ಕುಳಿತಿತು. ನಿಯಮ ಸಡಿಲಿಸಲು ಮುಖ್ಯ ಕಚೇರಿಗೆ ಅರ್ಜಿ ಹಾಕಬೇಕು, ಎರಡು ದಿನ ಕಾಯಬೇಕು. ಸರ್ವರಿಗೇ ನೇರವಾಗಿ ಮಾನಿಟರ್ ಜೋಡಿಸಿದರೆ ಅದು ಇನ್ನೊಂದು ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದವರು ಕೆಲಸ ಬಿಡುವಾಗ ಅದನ್ನೂ ಜೊತೆಗೆ ಒಯ್ದಿದ್ದರು.

ಗೇಟಿನಾಚೆ ಲಾರಿಗಳು ಸಾಲುಗಟ್ಟಿದವು. ಬಾಳೆಹಣ್ಣು ತಂದಿದ್ದ ಚಿಕ್ಕಯ್ಯನಛತ್ರದ ರೈತರೊಬ್ಬರು ನೇರ ಒಳಗೇ ಬಂದರು.

"ಸಾ, ನಿಮ್ ಕಂಪ್ಯೂಟ್ರು ಏಳೋವತ್ಗೆ ನಮ್ ಅಣ್ಣು ಕೊಳ್ತೋಯ್ತದೆ ಕಣ್ರೀ. ತೂಕದ ಅಂಕಿ ಅಲ್ಲೇ ಕಾಣ್ತಾ ಐತಲ್ಲ, ಒಂದ್ ಚೀಟೀಲಿ ಬರ್ಕೊಟ್ಬುಡಿ."

ಇಷ್ಟು ಸರಳವಾದ ಮಾತು ಕೇಳಿ ಮ್ಯಾನೇಜರಿಗೆ ಗಾಬರಿಯಾಯಿತು. "ಕೈಬರಹದ ಚೀಟಿ ಮುಖ್ಯ ಕಚೇರಿ ಒಪ್ಪಲ್ಲ" ಎಂದರು. ಆ ಮುಖ್ಯ ಕಚೇರಿಯ ತಜ್ಞರು ಅಷ್ಟರಲ್ಲಿ ನನ್ನ ಫೋನಿನಲ್ಲಿದ್ದರು.

"ಬ್ರೌಸರಿನ ಹಿಸ್ಟರಿ ಎಲ್ಲ ಅಳಿಸಿದ್ರಾ?"

"ಅಳಿಸ್ದೆ ಸರ್."

"ಇನ್ನೊಂದ್ಸಲ ಅಳಿಸಿ."

ಮ್ಯಾನೇಜರು ದೃಷ್ಟಿಯಾಗಿದೆ ಎಂದು ಸರ್ವರ್ ಕೋಣೆಯ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಇಬ್ಬರ ಪರಿಹಾರಗಳಲ್ಲಿ ಇದೇ ವಾಸಿಯೆನಿಸಿತು. ನಿಂಬೆಹಣ್ಣು ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ ವರದಿ ಕೇಳುತ್ತಿರಲಿಲ್ಲ.

ಹನ್ನೊಂದು ದಾಟಿದ ಮೇಲೆ ಹೊಳೆಯಿತು, ಅಪ್‌ಡೇಟ್ ಆಗದ ಕಂಪ್ಯೂಟರ್ ಇಡೀ ಕಂಪನಿಯಲ್ಲಿ ಒಂದೇ ಒಂದು ಉಳಿದಿದೆ, ನಮ್ಮ ಸರ್ವರಿನ ಪುಟವನ್ನು ಅಲ್ಲಿಂದಲೂ ತೆರೆಯಬಹುದು. ನರಸೀಪುರಕ್ಕೆ ಫೋನ್ ಮಾಡಿದೆ.

"ಅಕ್ಕಾ, ನಿಮ್ ಬ್ರೌಸರ್ ಇನ್ನೂ ಹಳೇದೇ ಇದ್ಯಾ?"

"ಅಳೇದೇ ಐತೆ ಕಣಪ್ಪ. ಯಾಕೆ, ಮ್ಯಾನೇಜರ್ಗೆ ಇನ್ನೊಂದು ಪತ್ರ ಬರೀಬೇಕಾ?"

ವಿಷಯ ಹೇಳಿದೆ. ಬಟನ್ ಎಲ್ಲಿದೆ, ಹೇಗೆ ಒತ್ತಬೇಕು ಎಂದು ಹೇಳಿಕೊಡುತ್ತೇನೆ ಎಂದೆ. "ನಾನ್ ಒತ್ತಕ್ಕಿಲ್ಲ. ನಾಳೆ ಎಚ್ಚುಕಮ್ಮಿ ಆದ್ರೆ ನನ್ ತಲೆಗೇ ಕಟ್ತೀಯ. ನೀನೇ ಬಾ" ಎಂದು ಫೋನ್ ಇಟ್ಟರು. ಅವರ ಅನುಮಾನದಲ್ಲಿ ತಪ್ಪು ಹುಡುಕಲು ನನಗೆ ಮುಖವಿರಲಿಲ್ಲ.

ಬಿಸಿಲಿನಲ್ಲಿ ಕಾರ್ಖಾನೆಯ ಬೈಕು ಹತ್ತಿ ನರಸೀಪುರಕ್ಕೆ ಹೋದೆ. ಅಕ್ಕ ಮೊದಲು ಮಜ್ಜಿಗೆ ಕೊಟ್ಟರು, ಆಮೇಲೆ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಟವೆಲ್ ತೆಗೆದರು. ಅದು ಏಳಲು ತೆಗೆದುಕೊಂಡ ಹೊತ್ತಿನಲ್ಲಿ ಮಜ್ಜಿಗೆ ಮುಗಿಯಿತು. ನಿರ್ವಹಣಾ ಪುಟ ತೆರೆದೆ. ಬೂದು ಚೌಕವಿಲ್ಲ, ಬಟನ್‌ಗಳೆಲ್ಲ ಸಾಲಾಗಿ ನಿಂತಿವೆ. ಒತ್ತುವ ಮುಂಚೆ ಯಾಕೋ ಅವರ ಮುಖ ನೋಡಿದೆ.

"ನನ್ನೇನ್ ನೋಡ್ತೀಯ? ಒತ್ತು."

ಒತ್ತಿದೆ. ಐದು ನಿಮಿಷಕ್ಕೆ ನಂಜನಗೂಡಿನಿಂದ ಫೋನ್ ಬಂತು, ಮೊದಲ ಲಾರಿ ತೂಗಿ ಒಳಗೆ ಹೋಯಿತೆಂದು. ನಾನು ಏಳಲು ಹೊರಟರೆ ಅಕ್ಕ ಒಂದು ಬಿಳಿ ಹಾಳೆ, ಪೆನ್ನು ಮುಂದಿಟ್ಟರು.

"ಈಗ ಬರಿ."

"ಏನಂತಕ್ಕಾ?"

"ಇಲ್ಲಿ ಅಪ್‌ಡೇಟ್ ಮಾಡ್ದೆ ಇದ್ದುದ್ಕೇ ಕೆಲ್ಸ ಆಯ್ತು ಅಂತ. ಕೆಳಗೆ ಸೈನ್ ಆಕು."

ದೂರು ಬರೆಯುವಾಗ ಸರಾಗವಾಗಿ ಓಡಿದ್ದ ನನ್ನ ಕನ್ನಡ ಆ ಎರಡು ಸಾಲಿಗೆ ಕಾಲು ಗಂಟೆ ತೆಗೆದುಕೊಂಡಿತು. ಅವರು ಅದನ್ನು ಓದಿ, ಮಡಚಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಸಂಜೆ ನಾನು ಕಾರ್ಖಾನೆಗೆ ಮರಳುವ ವೇಳೆಗೆ, ಚಿಕ್ಕಯ್ಯನಛತ್ರದ ರೈತರ ಲೋಡಿನಲ್ಲಿ ಕಾಲುಭಾಗವನ್ನು ಗುಣಮಟ್ಟ ವಿಭಾಗದವರು 'ಅತಿಯಾಗಿ ಮಾಗಿದೆ' ಎಂದು ತಿರಸ್ಕರಿಸಿದ್ದರು. ಬೆಳಿಗ್ಗೆ ಗೇಟಿಗೆ ಬಂದಾಗ ಅದು ಹಾಗಿರಲಿಲ್ಲ. ಅದನ್ನು ಹೇಳಬೇಕಾಗಿದ್ದವನು ನಾನು. ಆ ರೈತರು ಗೊನೆಗಳನ್ನು ಮತ್ತೆ ಲಾರಿಗೆ ಏರಿಸುತ್ತಿದ್ದಾಗ ನಾನು ಬೈಕಿನ ಕೀಲಿ ಕೊಡುವ ನೆಪದಲ್ಲಿ ಒಳಗೆ ಹೋದೆ.

ಮರುದಿನ ಮ್ಯಾನೇಜರಿಂದ ಎಲ್ಲರಿಗೂ ಒಂದು ಮೇಲ್ ಬಂತು. ಮುಖ್ಯ ಕಚೇರಿಯ ಸಕಾಲಿಕ ಮಾರ್ಗದರ್ಶನದಿಂದ ಸಮಸ್ಯೆ ಬಗೆಹರಿಯಿತಂತೆ. ಇಂಥದ್ದು ಮರುಕಳಿಸದಂತೆ ಹಳೆಯ ಕಂಪ್ಯೂಟರ್‌ಗಳನ್ನೆಲ್ಲ ಗುಜರಿಗೆ ಹಾಕಬೇಕಂತೆ, ನರಸೀಪುರದಿಂದಲೇ ಶುರುವಾಗಬೇಕಂತೆ. ಮೂರು ಸಲ ಓದಿದೆ. ಆಮೇಲೆ ಅದೇ ಎಲ್ಲರಿಗೂ ಹೋಗುವಂತೆ ಉತ್ತರ ಬರೆದೆ: ಕೆಡಿಸಿದ್ದು ನಾನು, ಉಳಿಸಿದ್ದು ನರಸೀಪುರದ ಕಂಪ್ಯೂಟರ್ ಮತ್ತು ಅದನ್ನು ಮುಟ್ಟಗೊಡದ ಅಕ್ಕ, ಹಣ್ಣು ಹಾಳಾಗಿದ್ದು ನಮ್ಮ ಗೇಟಿನಲ್ಲಿ.

ಗುಜರಿಯ ಮಾತು ಮತ್ತೆ ಏಳಲಿಲ್ಲ, ರೈತರಿಗೆ ನ್ಯಾಯವೂ ಸಿಗಲಿಲ್ಲ. ಮ್ಯಾನೇಜರು ಎರಡು ವಾರ ನನ್ನೊಡನೆ ಮಾತು ಬಿಟ್ಟರು. ಆ ಎರಡು ವಾರ ಕಾರ್ಖಾನೆಯ ಕಂಪ್ಯೂಟರ್‌ಗಳೆಲ್ಲ ಬಹಳ ಚೆನ್ನಾಗಿ ನಡೆದವು.