ಜೀಪಿನಲ್ಲಿ ಗಾಳಿ ಹೊತ್ತು ತಿರುಗಿದ ದನದ ಡಾಕ್ಟರು

ಅವರ ಶರ್ಟುಗಳಿಗೆ ಎಡಗಡೆ ತುಂಬುತೋಳು, ಬಲಗಡೆ ತೋಳೇ ಇರುತ್ತಿರಲಿಲ್ಲ. ದರ್ಜಿಗೆ ಹೇಳಿ ಹಾಗೆಯೇ ಹೊಲಿಸಿಕೊಳ್ಳುತ್ತಿದ್ದರು. ಆ ಬರಿಯ ಬಲಗೈ ಸದಾ ನೀರಲ್ಲಿ ನೆನೆದ ಕೈಯಂತೆ ಬಿಳಿಚಿಕೊಂಡು, ಬೆರಳ ತುದಿಗಳು ಸುಕ್ಕುಗಟ್ಟಿರುತ್ತಿದ್ದವು. ಕರು ಅಡ್ಡ ಸಿಕ್ಕಿಕೊಂಡ ಹಸುವಿನ ಹೊಟ್ಟೆಯೊಳಕ್ಕೆ ಹೋಗುವ ಕೈಗೆ ತೋಳು ಯಾಕೆ ಎನ್ನುವುದು ಅವರ ಲೆಕ್ಕ. ಹೊಸಬರು ನೋಡಿ ನಕ್ಕರೆ ಅವರೂ ಜೊತೆಗೆ ನಗುತ್ತಿದ್ದರು.

ಅವರು ಶೀಳನೆರೆ ಕಡೆಯ ದನದ ಡಾಕ್ಟರು. ನಾನು ಕೆ.ಆರ್. ಪೇಟೆಯಲ್ಲಿ ಅಪ್ಪನ ಕುಲುಮೆಯಿದ್ದ ಜಾಗದಲ್ಲೇ ವೆಲ್ಡಿಂಗ್ ಅಂಗಡಿ ಹಾಕಿಕೊಂಡಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಒಂದು ದಿನ ಅವರು ತಮ್ಮ ಹಳೇ ಜೀಪನ್ನು ಅಂಗಡಿ ಮುಂದೆ ನಿಲ್ಲಿಸಿ, ಹಿಂದಿನ ಸೀಟಿನಿಂದ ಎರಡು ಸಾಮಾನು ಇಳಿಸಿದರು. ಒಂದು, ಮೈಸೂರಿನ ಗುಜರಿಯಲ್ಲಿ ಹುಡುಕಿ ತಂದ ಕಾರಿನ ಎ.ಸಿ. ಕಂಪ್ರೆಸರು. ಇನ್ನೊಂದು, ಯಾವುದೋ ಲಾರಿಯ ಬ್ರೇಕಿಗೆ ಗಾಳಿ ತುಂಬಿಡುತ್ತಿದ್ದ ಕಬ್ಬಿಣದ ಟ್ಯಾಂಕು.

"ಆಚಾರ್ರೇ, ಇದ್ನ ಇಂಜಿನ್ ಪಕ್ಕ ಕೂರ್ಸಿ ಬೆಲ್ಟ್ ಹಾಕ್ಬೇಕು. ಇಂಜಿನ್ ತಿರುಗಿದ್ರೆ ಇದೂ ತಿರುಗ್ಬೇಕು, ಗಾಳಿ ಬಂದು ಈ ಟ್ಯಾಂಕಲ್ಲಿ ತುಂಬ್ಕೋಬೇಕು" ಎಂದರು.

"ಜೀಪಲ್ಲಿ ಗಾಳಿ ಯಾಕೆ ಡಾಕ್ಟ್ರೇ?"

"ಜಾಲಿ ಮುಳ್ಳು ನಂಗೆ ದಿನಾ ಪಂಚರ್ ಮಾಡ್ತದೆ. ಹೇಮಾವತಿ ಮರಳು ದಾಟ್ಬೇಕಾದ್ರೆ ಟೈರಿನ ಗಾಳಿ ಇಳಿಸ್ಬೇಕು, ಆಚೆ ದಡಕ್ಕೋದ್ಮೇಲೆ ತುಂಬೋರ್ಯಾರು? ಅಲ್ಲಿ ಹಸು ಉಸಿರು ಬಿಡ್ತಾ ಬಿದ್ದಿರ್ತದೆ, ಇಲ್ಲಿ ನಾನು ಕೈಪಂಪು ಹೊಡೀತಾ ಕೂತಿರ್ತೀನಿ."

ಕಂಪ್ರೆಸರಿಗೆ ದಪ್ಪ ಪಟ್ಟಿಯ ಕಾಲು ಕಟ್ಟಿ ಇಂಜಿನ್ನಿನ ಪಕ್ಕ ಕೂರಿಸಿದೆ. ಪುಲ್ಲಿ ಎರಡೂ ಒಂದೇ ಸಾಲಿಗೆ ಬರುವವರೆಗೂ ಅವರು ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡು ನೋಡುತ್ತಲೇ ಇದ್ದರು. ಟ್ಯಾಂಕಿಗೆ ಗಾಳಿ ತುಂಬಿ ನೋಡೋಣ ಎಂದು ನಾನು ಪೈಪು ಕೈಗೆತ್ತಿಕೊಂಡಾಗ ತಡೆದರು.

"ಗಾಳಿ ಬೇಡ. ಮೊದ್ಲು ನೀರು ತುಂಬಿ."

ಟ್ಯಾಂಕಿಗೆ ಕಂಠಮಟ್ಟ ನೀರು ತುಂಬಿಸಿ, ತೆಂಗಿನ ಮರಕ್ಕೆ ಔಷಧಿ ಹೊಡೆಯುವ ಪಂಪು ತರಿಸಿ, ಅದರ ಪೈಪನ್ನು ಟ್ಯಾಂಕಿನ ಬಾಯಿಗೆ ಬಿಗಿಸಿದೆವು. ಗೇಜಿನ ಮುಳ್ಳನ್ನು ನೋಡುತ್ತಾ ಅವರೇ ಪಂಪು ಒತ್ತಿದರು. ನಾನು ಟ್ಯಾಂಕಿನ ಮೇಲೆ ಬಗ್ಗಿ ಎಲ್ಲಾದರೂ ಜಿನುಗುತ್ತದೆಯೇ ಎಂದು ನೋಡುತ್ತಿದ್ದೆ. ಟಪ್ ಎಂದು ಒಂದು ಸದ್ದಾಯಿತು, ತೆಂಗಿನಕಾಯಿ ಒಡೆದಷ್ಟು. ಟ್ಯಾಂಕಿನ ಪಕ್ಕೆ ಉದ್ದಕ್ಕೆ ಸೀಳಿಕೊಂಡು ನೀರು ನನ್ನ ಕಾಲ ಮೇಲೆ ಹರಿಯಿತು. ಅಷ್ಟೇ. ಮುಖಕ್ಕೆ ನಾಲ್ಕು ಹನಿ ಸಿಡಿದಿರಬಹುದು.

ಅವರು ಆ ಸೀಳನ್ನು ಅಗಲಿಸಿ ತೋರಿಸಿದರು. ಒಳಗೆ ತುಕ್ಕು ತಿಂದು ತಗಡು ಕಾಗದದಷ್ಟು ತೆಳ್ಳಗಾಗಿತ್ತು.

"ಗಾಳೀನ ಅದುಮಿದಷ್ಟೂ ಅದುಮಿಸ್ಕೊಂಡು ಕೂತಿರ್ತದೆ, ದಾರಿ ಸಿಕ್ತು ಅಂದ್ರೆ ಎಲ್ಲಾ ಒಟ್ಗೆ ಹಾರ್ತದೆ. ನೀರು ಹಂಗಲ್ಲ, ಒಡೆದ ತಕ್ಷಣ ಸುಮ್ನಾಗ್ತದೆ. ಗಾಳಿ ತುಂಬಿದ್ರೆ ಈ ತಗಡು ಈಗ ನಿಮ್ಮ ಎದೆ ಒಳಗಿರ್ತಿತ್ತು" ಎಂದರು, ಜ್ವರ ಬಂದ ಕರುವಿನ ಬಗ್ಗೆ ಹೇಳುವಷ್ಟೇ ತಣ್ಣಗೆ.

ಆಗ ನನಗೆ ಅದು ಅಷ್ಟಾಗಿ ತಟ್ಟಲಿಲ್ಲ. ಮುಂದೆ ನಾಗಮಂಗಲದ ದಾರಿಯಲ್ಲಿ ಒಂದು ಪಂಚರ್ ಅಂಗಡಿಯ ಗಾಳಿ ಟ್ಯಾಂಕು ಸಿಡಿದಾಗ ನೋಡಲು ಹೋಗಿದ್ದೆ. ಮೇಲ್ಛಾವಣಿಯ ಶೀಟು ಎದುರಿನ ಹೊಲದಲ್ಲಿ ಬಿದ್ದಿತ್ತು. ಅಂಗಡಿಯವನು ಊಟಕ್ಕೆ ಹೋಗಿದ್ದರಿಂದ ಬದುಕಿದ್ದ. ಕಬ್ಬಿಣದ ಒಂದು ಚೂರು ಗೋಡೆಯಲ್ಲಿ, ಸರಿಯಾಗಿ ಮನುಷ್ಯನ ಎದೆಯ ಎತ್ತರದಲ್ಲಿ ನಾಟಿಕೊಂಡಿತ್ತು. ಇವತ್ತಿಗೂ ನೀರು ತುಂಬಿ ನೋಡದ ಟ್ಯಾಂಕು ನನ್ನ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ.

ದಪ್ಪ ಪೈಪಿನಿಂದ ಹೊಸ ಟ್ಯಾಂಕು ಮಾಡಿ, ನೀರಲ್ಲಿ ಪರೀಕ್ಷಿಸಿ, ಒತ್ತಡ ಮೀರಿದರೆ ತಾನೇ ಬಿಟ್ಟುಕೊಳ್ಳುವ ವಾಲ್ವು ಹಾಕಿ ಸೀಟಿನ ಕೆಳಗೆ ಬಿಗಿದೆ. ಹೇಗೆ ಕೆಲಸ ಮಾಡುತ್ತದೆ ನೋಡೋಣ ಬನ್ನಿ ಎಂದು ಮಾರನೆಯ ದಿನ ನನ್ನನ್ನೂ ಕೂರಿಸಿಕೊಂಡು ಹಳ್ಳಿಗಳಿಗೆ ಹೊರಟರು. ಗೋವಿಂದನಹಳ್ಳಿಯ ಹತ್ತಿರ ಒಬ್ಬ ಅಜ್ಜಿ ದಾರಿಗೆ ಅಡ್ಡ ನಿಂತಳು. ಹಿಂದಿನ ದಿನ ಈದ ಹಸು ಕತ್ತು ಮಗ್ಗುಲಿಗೆ ಹೊರಳಿಸಿಕೊಂಡು ಮಲಗಿತ್ತು, ಕಣ್ಣು ಮಂಕಾಗಿತ್ತು. ಅವರು ಯಾವತ್ತೂ ಮನೆಯವರಿಗಿಂತ ಮೊದಲು ದನವನ್ನೇ ಮಾತಾಡಿಸುತ್ತಿದ್ದರು. "ಏನವ್ವಾ, ಏನಾಯ್ತು ನಿಂಗೆ?" ಎನ್ನುತ್ತಾ ಕಿವಿ ಮುಟ್ಟಿದರು. ಮಂಜುಗಡ್ಡೆಯಂತಿದೆ ಎಂದರು. ಹಾಲಿನ ಜೊತೆಗೆ ಮೈಯ ಸುಣ್ಣದಂಶವೆಲ್ಲ ಕೆಚ್ಚಲಿಗೆ ಇಳಿದುಹೋಗಿತ್ತು. ಅದಕ್ಕೆ ಏರಿಸುವ ಔಷಧಿಯ ಕೊನೆಯ ಬಾಟಲಿಯನ್ನು ಹಿಂದಿನ ಊರಿನಲ್ಲಿ ಖರ್ಚು ಮಾಡಿ ಬಂದಿದ್ದೆವು. ಪೇಟೆಗೆ ಹೋಗಿ ಬರುವಷ್ಟರಲ್ಲಿ ಹಸು ಉಳಿಯುತ್ತಿರಲಿಲ್ಲ.

ಅವರು ಜೀಪಿನ ಗಾಳಿ ಪೈಪು ಎಳೆದುಕೊಂಡು ಬಂದರು. ಕುದಿಸಿದ ಬಾಟಲಿಗೆ ಹತ್ತಿ ತುರುಕಿ, ಗಾಳಿ ಅದರ ಮೂಲಕ ಸೋಸಿ ಬರುವಂತೆ ಮಾಡಿ, ತೆಳ್ಳನೆಯ ಕೊಳವೆಯನ್ನು ಮೊಲೆಯ ತೊಟ್ಟಿಗೆ ಇಟ್ಟು ಒಂದೊಂದಕ್ಕೂ ಉಸಿರಿನಷ್ಟು ಮೆಲ್ಲಗೆ ಗಾಳಿ ತುಂಬಿದರು. ಕೆಚ್ಚಲು ಬಿಗಿದುಕೊಂಡಿತು. ತೊಟ್ಟುಗಳಿಗೆ ಬಟ್ಟೆಯ ಪಟ್ಟಿ ಕಟ್ಟಿದರು.

ಅಜ್ಜಿ ತಲೆಯ ಮೇಲೆ ಕೈ ಹೊತ್ತಳು. "ಅಯ್ಯೋ ನನ್ನಪ್ಪ, ಹಸಾನೇ ಟೈರ್ ಮಾಡ್ಬುಟ್ರಲ್ಲಾ!"

"ಇಂಗೇ ಇರ್ಲಿ ಬುಡವ್ವ. ಹಾಲು ಕೆಚ್ಚಲಿಗೆ ಇಳಿಯಾದು ನಿಂತ್ರೆ ಸುಣ್ಣ ಮೈಯಲ್ಲೇ ಉಳೀತದೆ, ಎದ್ದೇಳ್ತಾಳೆ" ಎಂದು ಅವರು ಅಲ್ಲೇ ಕಲ್ಲಿನ ಮೇಲೆ ಕೂತರು. ಕಾಫಿ ಬಂತು, ಬಟ್ಟಲಿಗೆ ಸುರಿದುಕೊಂಡು ಕುಡಿದರು. ಬಿಸಿಲು ಕೊಟ್ಟಿಗೆಯ ಬಾಗಿಲು ದಾಟುವ ಹೊತ್ತಿಗೆ ಹಸು ಕತ್ತು ನೆಟ್ಟಗೆ ಮಾಡಿತು. ಆಮೇಲೆ ಹಿಂಗಾಲು ಊರಿ ಎದ್ದು ನಿಂತಿತು. ಔಷಧಿ ಇಲ್ಲದ ಕಾಲದಲ್ಲಿ ಹೀಗೇ ಮಾಡುತ್ತಿದ್ದರಂತೆ, ಸೈಕಲ್ ಪಂಪಿನಲ್ಲಿ. ಅಷ್ಟೇ ಹೇಳಿ ಜೀಪು ಹತ್ತಿದರು.

ಆಮೇಲೆ ಒಂದು ವರ್ಷ ಅವರ ಜೀಪು ಎಲ್ಲೂ ನಿಲ್ಲಲಿಲ್ಲ. ಬೆಲ್ಟು ಬಿಗಿಸಲು, ಟ್ಯಾಂಕಿನ ನೀರಂಶ ಬಸಿಯಲು ಆಗಾಗ ಬರುತ್ತಿದ್ದರು. ಒಮ್ಮೆ ಬಂದಾಗ ಒಂದು ಎಮ್ಮೆಯ ಸುದ್ದಿ ಹೇಳಿದರು. ಮೇವು ಮುಟ್ಟದೆ ಜೊಲ್ಲು ಸುರಿಸುತ್ತಿದ್ದ ಎಮ್ಮೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಮನೆಯವರೆಲ್ಲ ಬಾಯಿಗೆ ಕೈ ಹಾಕಿ ನೋಡಿದ್ದರು. ಇವರೂ ಮೊಣಕೈಯವರೆಗೆ ಹಾಕಿ ನೋಡಿದರು, ಎಮ್ಮೆಯ ಹಲ್ಲು ಕೈ ತರಚಿತು. ಎಮ್ಮೆ ಮಾರನೆಯ ದಿನ ಕಂಬಕ್ಕೆ ಹಾಯತೊಡಗಿದಾಗ ಗೊತ್ತಾಯಿತು, ಹುಚ್ಚುನಾಯಿ ಕಚ್ಚಿದ ಎಮ್ಮೆ, ಜೊಲ್ಲು ತಾಕಿದವರಿಗೂ ರೋಗ ಅಂಟಬಹುದು. ಅಂದೇ ಇವರು ಆ ಮನೆಯ ಗಂಡ, ಹೆಂಡತಿ, ಮುದುಕಿ, ಮಕ್ಕಳು ಎಲ್ಲರನ್ನೂ ಜೀಪಿಗೆ ತುಂಬಿಕೊಂಡು ಆಸ್ಪತ್ರೆಗೆ ಹೋದರು. ಹೊಕ್ಕುಳ ಸುತ್ತ ಚುಚ್ಚುವ ಆ ಇಂಜೆಕ್ಷನ್ನಿಗೆ ಹೆದರಿ ಮಕ್ಕಳು ಅತ್ತಾಗ ಮೊದಲ ಸೂಜಿಯನ್ನು ತಾವೇ ಚುಚ್ಚಿಸಿಕೊಂಡರು. ಎಲ್ಲರ ಕೋರ್ಸೂ ಮುಗಿಯುವವರೆಗೆ ದಿನಾ ತಾವೇ ಕರೆದೊಯ್ದು, ತಾವೂ ಒಂದೂ ತಪ್ಪಿಸದೆ ಹಾಕಿಸಿಕೊಂಡರು.

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಬೆಲ್ಟು ಸಡಿಲವಾಗಿದೆ ಎಂದು ಬಂದರು. ಕಾಫಿ ತರಿಸಿದೆ. ಬಟ್ಟಲನ್ನು ತುಟಿಯವರೆಗೆ ತಂದು ಕೆಳಗಿಟ್ಟರು.

"ಯಾಕ್ ಡಾಕ್ಟ್ರೇ, ಸಕ್ಕರೆ ಜಾಸ್ತಿ ಆಯ್ತಾ?"

"ಇಲ್ಲ. ಗಂಟ್ಲು ಹಿಡ್ಕೊಂಡಂಗಾಗ್ತದೆ. ನಿನ್ನೆಯಿಂದ."

ನಾನು ಎಂದಿನಂತೆ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದೆ. ಬುಸ್ಸೆಂದು ಬಂದ ಗಾಳಿ ಅವರ ಮುಖಕ್ಕೆ ತಾಕಿತು. ಅವರ ಕತ್ತಿನ ನರಗಳು ಹಗ್ಗದಂತೆ ಬಿಗಿದವು, ಇಡೀ ಮೈ ಜಗ್ಗಿತು, ಉಸಿರು ಒಳಗೇ ಸಿಕ್ಕಿಕೊಂಡಿತು. ಹೆದರಿ ನಲ್ಲಿ ಮುಚ್ಚಿದೆ.

"ಇನ್ನೊಂದ್ಸಲ ಬಿಡಿ" ಎಂದರು.

"ಬೇಡ ಡಾಕ್ಟ್ರೇ."

"ಬಿಡಿ ಆಚಾರ್ರೇ. ನೋಡ್ಬೇಕು."

ಬಿಟ್ಟೆ. ಮತ್ತೆ ಹಾಗೇ ಆಯಿತು. ತಮ್ಮದೇ ಮೈಯನ್ನು ಅವರು ಬೇರೆ ಯಾರದೋ ದನವನ್ನು ಪರೀಕ್ಷಿಸುವಂತೆ ಗಮನಿಸುತ್ತಿದ್ದರು. ಆಮೇಲೆ ಎದ್ದು ನನ್ನಿಂದ ದೂರ ಸರಿದು ನಿಂತರು.

"ಆ ಲೋಟ ಬಟ್ಲು ಬಿಸಾಕ್ಬುಡಿ. ಕೈಗೆ ಸೋಪು ಹಾಕಿ ತೊಳ್ಕಳಿ. ಗಾಳಿ ತಾಕಿದ್ರೆ, ನೀರು ಕಂಡ್ರೆ ಇಂಗಾಗೋದು ಒಂದೇ ಕಾಯ್ಲೇಲಿ. ಆ ಎಮ್ಮೇದು ನಂಗೆ ಬಂದದೆ."

"ಇಂಜೆಕ್ಷನ್ ಎಲ್ಲಾ ಹಾಕ್ಸ್ಕೊಂಡಿದ್ರಲ್ಲಾ!" ನಾನು ಕೂಗಿಯೇಬಿಟ್ಟೆ.

"ಹಾಕ್ಸ್ಕೊಂಡಿದ್ದೆ. ಒಬ್ಬೊಬ್ರಿಗೆ ಹಿಡಿಯಲ್ಲ."

ಇದಕ್ಕೆ ಮದ್ದಿಲ್ಲವೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಆ ದನಿ ನಡುಗಲಿಲ್ಲ. ಜೀಪನ್ನು ನನಗೇ ಓಡಿಸಲು ಹೇಳಿ, ಪಕ್ಕದ ಪರದೆಗಳನ್ನೆಲ್ಲ ಇಳಿಬಿಡಿಸಿ, ಕಣ್ಣಷ್ಟೇ ಬಿಟ್ಟು ಮುಖಕ್ಕೆ ಟವೆಲು ಸುತ್ತಿಕೊಂಡು ಹಿಂದೆ ಕೂತರು. ಮನೆಯ ಮುಂದೆ ನಿಲ್ಲಿಸಿದಾಗ ಇಳಿಯಲಿಲ್ಲ. ಹೆಂಡತಿಯನ್ನು ಮುಂದಿನ ಸೀಟಿಗೆ ಕೂರಿಸಿ, ಮೈಸೂರಿನ ದಾರಿಯುದ್ದಕ್ಕೂ ಟವೆಲಿನೊಳಗಿಂದಲೇ ಅವರಿಗೆ ಏನೇನೋ ಮೆಲ್ಲಗೆ ಹೇಳುತ್ತಾ ಬಂದರು. ಆ ತಾಯಿ ಹಿಂದಕ್ಕೆ ತಿರುಗಿ ಕೂತು ಹೂಂ, ಹೂಂ ಎನ್ನುತ್ತಿದ್ದರು. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಡಾಕ್ಟರು ಮುಖ ತಿರುಗಿಸಿ ಕಣ್ಣು ಮುಚ್ಚಿದ್ದು ಕನ್ನಡಿಯಲ್ಲಿ ಕಂಡಿತು. ಕೆಳಗೆ ಕಾವೇರಿ ತುಂಬಿ ಹರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದೊಯ್ಯುವ ಮುಂಚೆ ನನಗೆ ಹೇಳಿದ್ದು ಒಂದೇ ಮಾತು. "ಆ ಎಮ್ಮೆ ಮನೆಗೋಗಿ ನೋಡ್ಕೊಂಡ್ ಬನ್ನಿ. ಇಂಜೆಕ್ಷನ್ ನಂಗೆ ಹಿಡೀದೆ ಇದ್ದಂಗೆ ಅವ್ರಲ್ಲೂ ಯಾರಿಗಾದ್ರೂ ಹಿಡೀಲಿಲ್ವೋ ಏನೋ. ನೀರು ಕುಡಿಸಿ ನೋಡಿ. ಬಂದು ನಂಗೆ ಹೇಳಿ."

ಮಾರನೆಯ ದಿನ ಹೋದೆ. ಮಕ್ಕಳು ಅಂಗಳದಲ್ಲಿ ಗೋಲಿ ಆಡುತ್ತಿದ್ದರು. ಬಾಯಾರಿಕೆ ಎಂದು ನೆಪ ಹೇಳಿ ನೀರು ಕೇಳಿ, ನೀವೂ ಕುಡೀರಿ ಎಂದು ಒಬ್ಬೊಬ್ಬರಿಗೂ ಹೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡುತ್ತಲೇ ಕುಡಿದರು, ಮುದುಕಿಯೂ ಚೊಂಬೆತ್ತಿ ಗಟಗಟನೆ ಕುಡಿದಳು. ಎಲ್ಲರ ಗಂಟಲಲ್ಲೂ ನೀರು ಸಲೀಸಾಗಿ ಇಳಿಯಿತು. ಮಕ್ಕಳ ತಾಯಿ, "ಡಾಕ್ಟ್ರು ಚೆನ್ನಾಗವ್ರಾ?" ಎಂದು ಕೇಳಿದಳು. ಚೊಂಬನ್ನು ಅವಳ ಕೈಗೆ ಕೊಟ್ಟು ಎದ್ದೆ.

ಸಂಜೆ ಮೈಸೂರು ತಲುಪಿ ಆಸ್ಪತ್ರೆಯ ಮೆಟ್ಟಿಲು ಓಡಿ ಹತ್ತಿದೆ. ಅವರ ಹೆಂಡತಿ ವರಾಂಡದ ಕೊನೆಯಲ್ಲಿ, ಮುಚ್ಚಿದ ಬಾಗಿಲಿನ ಪಕ್ಕ ನೆಲದ ಮೇಲೆ ಕೂತಿದ್ದರು. ನನ್ನನ್ನು ಕಂಡು ತಲೆಯೆತ್ತಿದರು. "ಸಾಯೋವರ್ಗೂ ಅದನ್ನೇ ಕೇಳ್ತಿದ್ರು, ಅವ್ರೆಲ್ಲ ನೀರು ಕುಡಿದ್ರಾ?" ಎಂದರು.

ಕುಡಿದರು ತಾಯಿ, ಎಲ್ಲರೂ ಕುಡಿದರು ಎಂದು ಆ ಬಾಗಿಲಿನ ಕಡೆಗೆ ತಿರುಗಿ ಹೇಳಿದೆ.